ಉಪಾಧ್ಯಾಯರನ್ನು ಸಿದ್ಧಗೊಳಿಸಿದ ಮುಖ್ಯಗುರು

ಡೆಪ್ಯೂಟಿ ಚನ್ನಬಸಪ್ಪನವರು (1834–1881) ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿದ್ದ ಕಾಲದಲ್ಲಿ ಆ ಸೀಮೆಯ ಕನ್ನಡ ಮಕ್ಕಳ ಶಾಲೆಗಳಲ್ಲಿಯೂ ಮರಾಠಿಯದೇ ಪ್ರಾಬಲ್ಯವಿತ್ತು. ಕನ್ನಡದಲ್ಲಿ ಕಲಿಸಬಲ್ಲ ಉಪಾಧ್ಯಾಯರಿಲ್ಲದೆ ಕನ್ನಡ ಶಾಲೆಯು ನಿಲ್ಲಲಾರದೆಂದು ಅರಿತ ಅವರು ಅಂಥವರನ್ನು ಸಿದ್ಧಗೊಳಿಸುವುದಕ್ಕೆ ದುಡಿದರು; ವಿದ್ಯಾಧಿಕಾರಿಗಳಾಗಿ ಕನ್ನಡ ಶಾಲೆಗಳನ್ನು ಬೆಳೆಯಿಸಿದರು. 1948ರವರೆಗೆ ನಿಜಾಮರ ಆಳಿಕೆಯಲ್ಲಿ ಉರ್ದುವನ್ನೇ ರಾಜಭಾಷೆಯಾಗಿ ಕಂಡ ನಮ್ಮ ರಾಯಚೂರು ಸೀಮೆಯ ಹಿರಿಯರಿಗೆ ಈ ಸೇವೆಯ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಸಿರವಾರ, ಮಾನ್ವಿ, ದೇವದುರ್ಗಗಳ ತಾಯ್ತಂದೆಗಳೇ, ಜಾಣೆಯಾದ ಮಗಳು ಉಪಾಧ್ಯಾಯಿನಿಯಾಗುವೆನೆಂದರೆ ಅದು ಕಿರಿದಾದ ಕೆಲಸವೆಂದು ತಡೆಯಬೇಡಿರಿ. ಬೇರೆ ದಾರಿ ಕಾಣದವರು ಹಿಡಿಯುವ ಉದ್ಯೋಗವೆಂದು ಅದನ್ನೆಣಿಸಿದರೆ ನಮ್ಮ ಹಳ್ಳಿಯ ಮಕ್ಕಳೇ ಕೆಡುವರು. ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರೇ, ನಿಮ್ಮ ಮನೆಯ ಹೆಣ್ಣುಮಕ್ಕಳಲ್ಲಿ ಒಬ್ಬಳನ್ನಾದರೂ ಉಪಾಧ್ಯಾಯರ ತರಬೇತಿಗೆ ಕಳುಹಿಸಿರಿ.