ಯಾರ ಕಾಡಿನ ಬಾಗಿಲು ಇದು?

ಹೊಸ ಮನೆ ನೋಡಲು ಬಂದವರು ಮುಂಬಾಗಿಲನ್ನು ಬೆರಳಿನಿಂದ ತಟ್ಟಿ ನೋಡುವುದು ನಮ್ಮಲ್ಲಿ ರೂಢಿ. ತೇಗವೇ, ಹೊನ್ನೆಯೇ, ಮಲೇಶಿಯಾದ ಮರವೇ, ಘನ ಅಡಿಗೆ ಎಷ್ಟು ಬಿತ್ತು ಎಂದೆಲ್ಲ ವಿಚಾರಿಸುತ್ತಾರೆ. ಆ ಮರ ಯಾರ ಕಾಡಿನಿಂದ ಬಂತು, ಕಡಿಯುವಾಗ ಅಲ್ಲಿ ಬಾಳುತ್ತಿದ್ದವರು ಒಪ್ಪಿದ್ದರೇ ಎಂದು ಯಾರೂ ಕೇಳುವುದಿಲ್ಲ. ಮನೆ ಕಟ್ಟಿಸಿದವನಿಗೆ ಗೊತ್ತಿಲ್ಲ, ಬಡಗಿಗೆ ಗೊತ್ತಿಲ್ಲ, ಡಿಪೋದವನು ಹೇಳುವುದಿಲ್ಲ. ಈ ಪ್ರಶ್ನೆಯನ್ನು ಸರ್ಕಾರವೂ ಕೇಳದಿರುವುದರ ಹಿಂದೆ ಮಾತ್ರ ಒಂದು ವ್ಯವಸ್ಥೆಯೇ ಇದೆ.

ಜಗತ್ತಿನ ಮಟ್ಟದಲ್ಲಿ ಈ ಪ್ರಶ್ನೆ ಕೇಳಬೇಕಾದ ಸಂಸ್ಥೆಯೊಂದಿದೆ. 1983ರಲ್ಲಿ ಜಿನೀವಾದಲ್ಲಿ, ವಿಶ್ವಸಂಸ್ಥೆಯ ಆಶ್ರಯದಲ್ಲಿ ಉಷ್ಣವಲಯದ ನಾಟಾ ಕುರಿತ ಒಪ್ಪಂದವಾಯಿತು. 1985ರಲ್ಲಿ ಅದು ಜಾರಿಗೆ ಬಂತು. ಮರುವರ್ಷ ಜಪಾನಿನ ಯೊಕೊಹಾಮಾದಲ್ಲಿ ಅಂತಾರಾಷ್ಟ್ರೀಯ ಉಷ್ಣವಲಯ ನಾಟಾ ಸಂಸ್ಥೆ, ಅಂದರೆ ಐಟಿಟಿಒ, ಕಚೇರಿ ತೆರೆಯಿತು. ಮರದ ವ್ಯಾಪಾರವನ್ನೂ ಬೆಳೆಸಬೇಕು, ಕಾಡನ್ನೂ ಉಳಿಸಬೇಕು ಎಂಬುದು ಅದರ ಸಂಕಲ್ಪ. ಕಚೇರಿ ಜಪಾನಿಗೆ ಹೋದದ್ದು ಆಕಸ್ಮಿಕವಲ್ಲ. ಆಗ ಉಷ್ಣವಲಯದ ದಿಮ್ಮಿಗಳನ್ನು ಜಪಾನಿನಷ್ಟು ಕೊಳ್ಳುತ್ತಿದ್ದ ದೇಶ ಇನ್ನೊಂದಿರಲಿಲ್ಲ.

ಈ ಸಂಸ್ಥೆಯಲ್ಲಿ ಮತ ಹಂಚಿರುವ ರೀತಿಯನ್ನು ನೋಡಿ. ಒಟ್ಟು 2000 ಮತಗಳು. ಬೆಳೆಯುವ ದೇಶಗಳಿಗೆ 1000, ಬಳಸುವ ದೇಶಗಳಿಗೆ 1000. ಬಳಸುವ ಪ್ರತಿ ದೇಶಕ್ಕೂ ಮೊದಲು 10 ಮತ, ಉಳಿದದ್ದೆಲ್ಲ ಯಾರು ಎಷ್ಟು ಮರ ಆಮದು ಮಾಡಿಕೊಳ್ಳುತ್ತಾರೆ ಎಂಬ ಲೆಕ್ಕದಲ್ಲಿ. ಬೆಳೆಯುವ ದೇಶಗಳ ಪಾಲಿನಲ್ಲಿ ಕಾಡಿನ ವಿಸ್ತಾರಕ್ಕೂ ಬೆಲೆಯಿದೆ ಎನ್ನುವುದನ್ನು ಒಪ್ಪಿಕೊಳ್ಳೋಣ. ಆದರೆ ಅಷ್ಟೇ ಬೆಲೆ ರಫ್ತಿಗೂ ಇದೆ. ಊರಿನಲ್ಲಿ ಪಾನನಿರೋಧ ಸಮಿತಿ ರಚಿಸಿ, ಹೆಚ್ಚು ಬಾಟಲಿ ಮಾರಿದವನಿಗೂ ಹೆಚ್ಚು ಬಾಟಲಿ ಕೊಂಡವನಿಗೂ ಹೆಚ್ಚು ಮತ ಕೊಟ್ಟರೆ ಆ ಸಮಿತಿ ಯಾವ ನಿರ್ಣಯ ಕೈಗೊಂಡೀತು? ಕಾಡಿನೊಳಗೆ ಬದುಕುವ ಜನಕ್ಕೆ ಈ 2000ದಲ್ಲಿ ಒಂದು ಮತವೂ ಇಲ್ಲ.

ಇದರ ಪರಿಣಾಮ ಬೋರ್ನಿಯೋ ದ್ವೀಪದಲ್ಲಿರುವ ಮಲೇಶಿಯಾದ ಸರವಾಕ್ ರಾಜ್ಯದಲ್ಲಿ ಕಂಡಿತು. ಅಲ್ಲಿನ ಪೆನಾನ್ ಆದಿವಾಸಿಗಳು 1987ರಲ್ಲಿ ಮರದ ಕಂಪನಿಗಳ ರಸ್ತೆಗಳಿಗೆ ಅಡ್ಡ ನಿಂತರು. ಬೇಟೆಯ ಪ್ರಾಣಿ ಓಡಿಹೋಗಿತ್ತು, ನದಿಗಳು ಕೆಸರಾಗಿದ್ದವು, ಸಾಗೋ ತಾಳೆ ನೆಲಸಮವಾಗಿತ್ತು. ಅದೇ ವರ್ಷ ಅಲ್ಲಿನ ಸರ್ಕಾರ ಕಾನೂನು ತಿದ್ದಿ, ರಸ್ತೆ ತಡೆದವರನ್ನು ಎರಡು ವರ್ಷದವರೆಗೆ ಜೈಲಿಗೆ ಹಾಕುವ ಅಧಿಕಾರ ಪಡೆಯಿತು. ಸುದ್ದಿ ಹೊರಜಗತ್ತಿಗೆ ಮುಟ್ಟಿದಾಗ ಐಟಿಟಿಒ ಒಂದು ನಿಯೋಗ ಕಳಿಸಿತು. ಕಡಿತ ಮಿತಿಮೀರಿದೆ, ತಗ್ಗಿಸಬೇಕು ಎಂದು ಅದು 1990ರಲ್ಲಿ ವರದಿ ಕೊಟ್ಟಿತು. ಸರಿಯೇ. ಆದರೆ ಆ ನೆಲ ಯಾರದು ಎಂಬ ಮೂಲ ಪ್ರಶ್ನೆಯನ್ನು ತನ್ನ ವ್ಯಾಪ್ತಿಗೆ ಬಾರದ್ದೆಂದು ಬದಿಗಿಟ್ಟಿತು. ಅಷ್ಟರಲ್ಲಿ ಸರವಾಕಿನ ಮರ ಜಪಾನಿನಲ್ಲಿ ಪ್ಲೈವುಡ್ ಆಗಿ, ಕಾಂಕ್ರೀಟ್ ಹಾಕಲು ಎರಡು ಮೂರು ಸಲ ಬಳಸಿ ಎಸೆಯುವ ಸೆಂಟ್ರಿಂಗ್ ಹಲಗೆಯಾಗುತ್ತಿತ್ತು. ನೂರಾರು ವರ್ಷ ಬೆಳೆದ ಮರದ ಗತಿ ಇದು.

ಸಂಸ್ಥೆ ಕೊಟ್ಟ ಮಾತುಗಳಿಗೆ ಕೊರತೆಯಿಲ್ಲ. ಸಂಸ್ಥೆಗಾಗಿಯೇ ನಡೆದು 1989ರಲ್ಲಿ ಪ್ರಕಟವಾದ ಅಧ್ಯಯನವೊಂದು, 82 ಕೋಟಿ 80 ಲಕ್ಷ ಹೆಕ್ಟೇರ್ ಉಷ್ಣವಲಯದ ಕಾಡಿನಲ್ಲಿ ಬಾಳಿಕೆ ಬರುವಂತೆ ನಾಟಾ ತೆಗೆಯುತ್ತಿರುವುದು 10 ಲಕ್ಷ ಹೆಕ್ಟೇರಿನಲ್ಲೂ ಇಲ್ಲ ಎಂದಿತು. 1990ರಲ್ಲಿ ಬಾಲಿ ದ್ವೀಪದಲ್ಲಿ ಸೇರಿದ ಸದಸ್ಯರು 2000ನೇ ಇಸವಿಯ ಹೊತ್ತಿಗೆ ರಫ್ತಾಗುವ ಮರವೆಲ್ಲ ಸುಸ್ಥಿರ ಕಾಡಿನಿಂದಲೇ ಬರಬೇಕೆಂದು ಗುರಿಯಿಟ್ಟರು. 2000 ಬಂತು, ಹೋಯಿತು. 2011ರಲ್ಲಿ ಸಂಸ್ಥೆಯೇ ಕೊಟ್ಟ ಲೆಕ್ಕದಂತೆ 76 ಕೋಟಿ ಹೆಕ್ಟೇರಿನಲ್ಲಿ ಸರಿಯಾದ ನಿರ್ವಹಣೆ ಇದ್ದದ್ದು ಸುಮಾರು 5 ಕೋಟಿ 33 ಲಕ್ಷ ಹೆಕ್ಟೇರಿನಲ್ಲಿ. ಅಂದರೆ ನೂರಕ್ಕೆ ಏಳು. ಮುಂದೆ ಕಾಡಿನ ಯೋಜನೆಗಳಿಗೆಂದು ದೇಶಗಳು ಕೊಟ್ಟ ದುಡ್ಡಿನಲ್ಲಿ ಸುಮಾರು 1 ಕೋಟಿ 80 ಲಕ್ಷ ಡಾಲರನ್ನು ಎಂಥದೋ ಹೂಡಿಕೆ ನಿಧಿಗಳಲ್ಲಿ ತೊಡಗಿಸಿ ಕಳೆದುಕೊಂಡದ್ದೂ ಬೆಳಕಿಗೆ ಬಂತು.

ಇಲ್ಲಿ ಬಡದೇಶಗಳ ವಾದವನ್ನೂ ಕೇಳಬೇಕು. ತಮ್ಮ ಕಾಡನ್ನು ಕಡಿದು ಶ್ರೀಮಂತರಾದವರು ಈಗ ನಮಗೆ ಉಪದೇಶ ಮಾಡಲು ಬಂದಿದ್ದಾರೆ ಎಂದು 1992ರ ರಿಯೋ ಶೃಂಗಸಭೆಯ ಹೊತ್ತಿಗೆ ಮಲೇಶಿಯಾದ ಮಹಾತೀರ್ ಮೊಹಮ್ಮದ್ ಗುಡುಗಿದರು. ಅದರಲ್ಲಿ ಸತ್ಯವಿದೆ. 1994ರ ಹೊಸ ಒಪ್ಪಂದದಲ್ಲಿ ಶೀತವಲಯದ ಕಾಡುಗಳಿಗೂ ಇದೇ ನಿಯಮ ಇರಲಿ ಎಂದು ಬೆಳೆಯುವ ದೇಶಗಳು ಕೇಳಿದಾಗ ಶ್ರೀಮಂತ ದೇಶಗಳು ಒಪ್ಪಲಿಲ್ಲ. ಇಬ್ಬಗೆಯ ನ್ಯಾಯ ಎಂದರೆ ಇದೇ. ಆದರೆ ‘ನಮ್ಮ ಕಾಡು ನಮ್ಮ ಹಕ್ಕು’ ಎಂದಾಗ ಆ ‘ನಾವು’ ಯಾರು? ಆ ಮಾತು ಹೇಳಿದ್ದು ದೆಹಲಿ, ಕೌಲಾಲಂಪುರಗಳು. ಅದೇ ಮಾತನ್ನು ಪೆನಾನ್ ಹೇಳಿದರೆ ಅವನಿಗೆ ಜೈಲು. ರಿಯೋದಲ್ಲಿ ಕಾಡಿನ ಬಗ್ಗೆ ಬದ್ಧತೆಯಿರುವ ಒಪ್ಪಂದವೇ ಆಗದಂತೆ ನೋಡಿಕೊಂಡವರಲ್ಲಿ ಮಲೇಶಿಯಾದ ಜೊತೆ ಭಾರತವೂ ಮುಂಚೂಣಿಯಲ್ಲಿತ್ತು.

ಹಾಗಾದರೆ ಭಾರತ ಮಾಡಿದ್ದೇನು? ನಮ್ಮ ಕಾಡಿನ ವಿಷಯದಲ್ಲಿ ಒಳ್ಳೆಯದನ್ನೇ ಮಾಡಿತು. 1983ರಲ್ಲಿ ಶಿರಸಿಯ ಸುತ್ತಿನ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿ ತಡೆದರು. 1988ರ ಅರಣ್ಯ ನೀತಿ ಕಾಡು ಇರುವುದು ಆದಾಯಕ್ಕಲ್ಲ ಎಂದಿತು. 1996ರಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಡಿತಕ್ಕೆ ಬಿಗಿ ಲಗಾಮು ಹಾಕಿತು. ಆದರೆ ಮನೆ ಕಟ್ಟುವುದು ನಿಲ್ಲಲಿಲ್ಲ, ಬಾಗಿಲು ಕಿಟಕಿ ಬೇಡವೆಂದು ಯಾರೂ ಹೇಳಲಿಲ್ಲ. ಕೊಡಲಿ ಕಡಲಾಚೆಗೆ ಹೋಯಿತು. ಕಾಂಡ್ಲಾದಲ್ಲಿ, ನಮ್ಮ ಪಣಂಬೂರಿನಲ್ಲಿ ಹಡಗುಗಳಿಂದ ದಿಮ್ಮಿಗಳು ಇಳಿದವು. ಉಷ್ಣವಲಯದ ದಿಮ್ಮಿ ತರಿಸುವುದರಲ್ಲಿ ವರ್ಷಗಟ್ಟಲೆ ಚೀನಾದ ನಂತರದ ಸ್ಥಾನ ಭಾರತದ್ದಾಗಿತ್ತು. 2010ರ ದಶಕದಲ್ಲಿ ಸರವಾಕಿನ ದಿಮ್ಮಿಗಳಿಗೆ ಅತಿ ದೊಡ್ಡ ಗಿರಾಕಿ ಜಪಾನಲ್ಲ, ನಾವು. ಬರ್ಮಾ 2014ರ ಏಪ್ರಿಲಿನಲ್ಲಿ ದಿಮ್ಮಿ ರಫ್ತು ನಿಲ್ಲಿಸುವವರೆಗೆ ಅಲ್ಲಿನ ತೇಗದ ದೊಡ್ಡ ಗಿರಾಕಿಯೂ ನಾವೇ. 2021ರಲ್ಲಿ ಅಲ್ಲಿ ಸೇನೆ ಅಧಿಕಾರ ಕಸಿದ ಮೇಲೆ ಅಮೆರಿಕವೂ ಯುರೋಪೂ ಬರ್ಮಾದ ಸರ್ಕಾರಿ ನಾಟಾ ಸಂಸ್ಥೆಯ ಮೇಲೆ ನಿರ್ಬಂಧ ಹೇರಿದವು. ನಾವು ಹೇರಲಿಲ್ಲ. ಇಷ್ಟಾದರೂ ಯೊಕೊಹಾಮಾದ ಸಭೆಯಲ್ಲಿ ಭಾರತ ಕೂರುವುದು ಮರ ಬೆಳೆಯುವ ದೇಶಗಳ ಸಾಲಿನಲ್ಲಿ!

ಕದ್ದ ಮರ ತರಿಸುವುದೇ ಅಪರಾಧ ಎಂದು ಅಮೆರಿಕ 2008ರಲ್ಲಿ ಕಾನೂನು ಮಾಡಿತು. ಯುರೋಪಿನಲ್ಲಿ 2013ರಲ್ಲಿ ಅಂಥದೇ ಕಾನೂನು ಜಾರಿಗೆ ಬಂತು. ಅವುಗಳಲ್ಲಿ ತೂತುಗಳಿವೆ, ಸ್ವಾರ್ಥವೂ ಇದೆ. ನಮ್ಮಲ್ಲಿ ಅಷ್ಟೂ ಇಲ್ಲ. ನಮ್ಮ ಬಂದರಿನಲ್ಲಿ ದಿಮ್ಮಿ ಇಳಿಸಬೇಕಾದರೆ ಅದರಲ್ಲಿ ಹುಳು ಇಲ್ಲವೆಂಬ ಸರ್ಟಿಫಿಕೇಟು ಬೇಕು, ಹೊಗೆ ಹಾಯಿಸಿದ ದಾಖಲೆ ಬೇಕು. ಹುಳುವಿನ ಬಗ್ಗೆ ಇಷ್ಟು ಕಾಳಜಿಯಿರುವ ಸರ್ಕಾರಕ್ಕೆ ಮರ ಕದ್ದದ್ದೋ ಕೊಂಡದ್ದೋ ಎಂದು ಕೇಳಲು ನಾಲಗೆ ಏಳುವುದಿಲ್ಲ. ನಿಯಮ ಬಿಗಿಯಾದಾಗಲೂ ಅದರ ಬಿಸಿ ತಟ್ಟುವುದು ಚಿಕ್ಕವರಿಗೆ. 2017ರಿಂದ ಬೀಟೆ, ಶೀಶಮ್ ಜಾತಿಯ ಮರಗಳೆಲ್ಲ ಅಂತಾರಾಷ್ಟ್ರೀಯ ನಿಯಂತ್ರಣದ ಪಟ್ಟಿಗೆ ಸೇರಿದಾಗ ಸಹಾರನ್‌ಪುರದ ಕೆತ್ತನೆ ಕುಶಲಕರ್ಮಿಗಳು ತಮ್ಮ ಸಣ್ಣ ಪೆಟ್ಟಿಗೆ, ತಟ್ಟೆಗಳಿಗೂ ಕಾಗದಪತ್ರ ಹೊಂದಿಸುತ್ತ ಕಂಗಾಲಾದರು. 2022ರಲ್ಲಿ ಪನಾಮಾದ ಸಭೆ ಒಂದಿಷ್ಟು ರಿಯಾಯಿತಿ ಕೊಟ್ಟಿತು. ಹಡಗುಗಟ್ಟಲೆ ಬರುವ ಬೇರೆ ಜಾತಿಯ ದಿಮ್ಮಿಗಳಿಗೆ ಈ ಕಾಟವೇ ಇಲ್ಲ.

ಕಾನೂನು ತಂದರೆ ಬಡಗಿಯ, ಸಾಮಿಲ್ ಕೂಲಿಯ ಹೊಟ್ಟೆಯ ಮೇಲೆ ಹೊಡೆದಂತೆ ಎನ್ನುವವರಿದ್ದಾರೆ. ಹೊಟ್ಟೆಯ ಮಾತು ನಿಜವಾಗಿದ್ದರೆ ಮೊದಲು ನಮ್ಮ ರೈತನ ದಾರಿ ಸುಗಮ ಮಾಡಲಿ. ತನ್ನ ಜಮೀನಿನಲ್ಲಿ ತಾನೇ ಬೆಳೆಸಿದ ಮರ ಕಡಿಯಲು ಅರಣ್ಯ ಇಲಾಖೆಯ ಬಾಗಿಲು ಕಾಯಬೇಕೆಂಬ ಹೆದರಿಕೆಗೆ ಎಷ್ಟೋ ಜನ ಮರ ನೆಡುವುದನ್ನೇ ಬಿಟ್ಟಿದ್ದಾರೆ. ಪರವಾನಗಿಯ ಕಾಟವಿಲ್ಲದ ಸಿಲ್ವರ್ ಓಕ್ ಕಾಫಿ ತೋಟಗಳಲ್ಲಿ ಹೇಗೆ ಹಬ್ಬಿತು ಎಂಬುದನ್ನು ಕೊಡಗಿನಲ್ಲಿ ಯಾರೂ ನೋಡಬಹುದು.

ಆದ್ದರಿಂದ ಕೇಳಬೇಕಾದದ್ದು ಮೂರು. ಮೂಲದೇಶದ ಕಾನೂನಿಗೂ ಅಲ್ಲಿನ ಕಾಡುಜನರ ಒಪ್ಪಿಗೆಗೂ ವಿರುದ್ಧವಾಗಿ ಕಡಿದ ಮರ ನಮ್ಮ ಬಂದರಿನಲ್ಲಿ ಇಳಿಯಬಾರದೆಂಬ ಕಾಯಿದೆ. ಯೊಕೊಹಾಮಾದಲ್ಲಿ ಭಾರತ ತಾನು ಕೊಳ್ಳುವವನೆಂದು ಒಪ್ಪಿಕೊಂಡು ಆ ಹೊಣೆ ಹೊರುವುದು. ಮತ್ತು ಅಲ್ಲಿನ ಸಭೆಯಲ್ಲಿ ಕಾಡಿನ ಜನರಿಗೆ ಮತದ ಹಕ್ಕು. ಕರಾವಳಿಯ ಮರದ ವ್ಯಾಪಾರದಲ್ಲಿ ನಮ್ಮವರೂ ಇದ್ದಾರೆ. ಕದ್ದ ಮಾಲೆಂದು ತಿಳಿದೂ ಕೊಂಡವನು ಕಳ್ಳತನದ ಪಾಲುದಾರ ಎಂಬುದನ್ನು ಅವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಕಾಯಿದೆ ಬರಲಿ ಎಂಬ ಮೊದಲ ಅರ್ಜಿ ಅವರ ಸಂಘಗಳಿಂದಲೇ ದೆಹಲಿಗೆ ಹೋಗಲಿ.