ರಾಡ್ ಇಡುವ ಜಾಗ: ಪುರಸಭೆ ಮುಖ್ಯಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಮುಖ್ಯಾಧಿಕಾರಿಗಳಿಗೆ,

ಹಳೆಯ ವಾಚನಾಲಯದ ಕಟ್ಟಡದಲ್ಲಿ ಪುರಸಭೆಯಿಂದಲೇ ಜಿಮ್ ಮಾಡಿಸುತ್ತಿದ್ದೀರಿ. ತಿಂಗಳ ಫೀಸು ಕಟ್ಟಿ ಖಾಸಗಿ ಜಿಮ್‌ಗೆ ಹೋಗಲಾಗದ ಹುಡುಗರು ಈ ಊರಲ್ಲಿ ಬೇಕಾದಷ್ಟಿದ್ದಾರೆ. ಪೊಲೀಸ್ ಕಾನ್‌ಸ್ಟೇಬಲ್ ಆಯ್ಕೆಗೆಂದು ನಸುಕಿನಲ್ಲೇ ಎದ್ದು ಬೈಪಾಸ್ ರಸ್ತೆಯಲ್ಲಿ ಓಡುವವರು ಅವರೇ. ಅವರ ಪರವಾಗಿ ಮೊದಲು ನಿಮಗೆ ಅಭಿನಂದನೆ.

ಕಚೇರಿಯ ಫಲಕಕ್ಕೆ ಅಂಟಿಸಿರುವ ಸಾಮಗ್ರಿ ಪಟ್ಟಿಯನ್ನು ನಿಂತು ಓದಿದೆ. ಟ್ರೆಡ್‌ಮಿಲ್ ಬಗ್ಗೆ ಮೋಟಾರು, ಬೆಲ್ಟಿನ ಅಗಲ, ವಾರಂಟಿ ಅಂತ ಸಾಲುಸಾಲು ವಿವರ ಇದೆ. ಇನ್ನೂ ಕೆಳಗೆ ಹೋದರೆ "ಸ್ಕ್ವಾಟ್ ಸ್ಟ್ಯಾಂಡ್ - 1 ಸಂಖ್ಯೆ" ಎಂದಷ್ಟೇ ಬರೆದಿದೆ. ಎತ್ತರವಿಲ್ಲ, ಅಗಲವಿಲ್ಲ, ಪೈಪಿನ ದಪ್ಪವೂ ಇಲ್ಲ. 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರ್ ಕರೆಯುವವರು ನೀವು. ಪಟ್ಟಿಯಲ್ಲಿ ಬರೆಯದೇ ಇದ್ದದ್ದನ್ನು ಆಮೇಲೆ ಗುತ್ತಿಗೆದಾರರಿಂದ ಕೇಳುವುದು ಎಷ್ಟು ಕಷ್ಟವೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕಡಿಮೆ ದರ ಹಾಕಿದವರು ಎರಡು ಪೈಪು ನಿಲ್ಲಿಸಿ, ಮೇಲೆ ಎರಡು ಕೊಕ್ಕೆ ವೆಲ್ಡ್ ಮಾಡಿ, ಬಣ್ಣ ಹೊಡೆದು ತಂದಿಟ್ಟರೆ ಅದೂ ಸ್ಟ್ಯಾಂಡೇ. ಬಿಲ್ಲು ಪಾಸಾಗುತ್ತದೆ. ಆ ಒಂದು ಸಾಲನ್ನು ತಿದ್ದಿಸಬೇಕೆಂದು ಕೇಳುವುದಕ್ಕೇ ಈ ಪತ್ರ.

ಸ್ಕ್ವಾಟ್ ಎಂದರೆ ನಮ್ಮ ಬಸ್ಕಿಯೇ, ಹೆಗಲ ಮೇಲೆ ಭಾರ ಹೊತ್ತು ಹೊಡೆಯುವುದು. ಆದರೆ ಗರಡಿಯ ಭಾರಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವನು ಸೋತರೆ ಕೈಬಿಡುತ್ತಾನೆ, ಕಲ್ಲು ಅವನ ಮುಂದೆ ಮಣ್ಣಿಗೆ ಬೀಳುತ್ತದೆ. ಗದೆಯಾದರೂ ಅಷ್ಟೇ. ಸ್ಕ್ವಾಟ್‌ನಲ್ಲಿ ರಾಡ್ ಇರುವುದು ಕತ್ತಿನ ಹಿಂದೆ. ಕೂತವನಿಗೆ ಏಳಲಾಗದಿದ್ದರೆ ಭಾರ ಎಲ್ಲಿಗೆ ಹೋಗಬೇಕು ಎಂಬುದನ್ನು ಅವನು ರಾಡಿನಡಿ ಹೋಗುವ ಮೊದಲೇ ಯಾರಾದರೂ ತೀರ್ಮಾನಿಸಿರಬೇಕು. ನಿಮ್ಮ ಜಿಮ್‌ನಲ್ಲಿ ಅದು ತೀರ್ಮಾನವಾಗುವುದು ಟೆಂಡರ್ ಪಟ್ಟಿಯಲ್ಲಿ.

ಮೊದಲು ಎತ್ತರದ ಮಾತು. ಕೊಕ್ಕೆ ಎದೆಯ ನಡುಮಟ್ಟದಿಂದ ಕಂಕುಳಿನ ಮಟ್ಟದೊಳಗೆ ಇರಬೇಕು. ರಾಡಿನ ಕೆಳಗೆ ಸೇರಿದವನು ಮಂಡಿಯನ್ನು ಸ್ವಲ್ಪ ಬಗ್ಗಿಸಿ, ಮತ್ತೆ ನೆಟ್ಟಗಾದರೆ ರಾಡ್ ಕೊಕ್ಕೆಯಿಂದ ಮೇಲೆದ್ದು ಬರಬೇಕು. ಕೊಕ್ಕೆ ತುಸು ತಗ್ಗಿನಲ್ಲಿದ್ದರೆ ಹೆಚ್ಚೆಂದರೆ ಒಂದಿಷ್ಟು ಜಾಸ್ತಿ ಬಗ್ಗಬೇಕಾದೀತು. ಎತ್ತರವಾದರೆ ತುದಿಗಾಲಲ್ಲಿ ನಿಲ್ಲಬೇಕಾಗುತ್ತದೆ. ಶುರುವಿನಲ್ಲಿ ಮೈಯಲ್ಲಿ ಕಸುವಿರುವಾಗ ತುದಿಗಾಲಲ್ಲೂ ತೆಗೆದುಬಿಡಬಹುದು. ಸೆಟ್ ಮುಗಿದು ತೊಡೆ ನಡುಗುತ್ತಿರುವಾಗ ಅದೇ ಎತ್ತರಕ್ಕೆ ವಾಪಸ್ ಇಡಬೇಕಲ್ಲ, ಯಡವಟ್ಟಾಗುವುದು ಅಲ್ಲಿ. ಐದಡಿಯ ಹೆಣ್ಣುಮಗಳಿಗೂ ಆರಡಿಯ ಹುಡುಗನಿಗೂ ಒಂದೇ ಎತ್ತರಕ್ಕೆ ವೆಲ್ಡ್ ಮಾಡಿದ ಕೊಕ್ಕೆ ಸರಿಹೋಗುವುದು ಸಾಧ್ಯವೇ ಇಲ್ಲ. ಕಂಬಕ್ಕೆ ಎರಡೆರಡು ಅಂಗುಲಕ್ಕೆ ತೂತು, ತೂತಿನ ಪಕ್ಕ ನಂಬರು, ಕಳಚಿ ಹಾಕುವ ಕೊಕ್ಕೆ ಇರಬೇಕು. ನಂಬರು ಯಾಕೆಂದರೆ, ಎಡಗಡೆ ಹನ್ನೆರಡಕ್ಕೆ, ಬಲಗಡೆ ಹದಿಮೂರಕ್ಕೆ ಹಾಕಿ ಸೊಟ್ಟ ರಾಡನ್ನು ಹೆಗಲಿಗೇರಿಸುವವರನ್ನು ನಾನು ಬಹಳ ನೋಡಿದ್ದೇನೆ.

ಈ ಊರಿನ ಒಂದು ಜಿಮ್‌ನಲ್ಲಿ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಹೆಸರು ಬೇಡ. ಪಿಯುಸಿ ಹುಡುಗ. 20 ಕೆ.ಜಿ. ರಾಡಿಗೆ ಎರಡೂ ಕಡೆ ಮೂವತ್ತು ಮೂವತ್ತು ಹಾಕಿದ್ದ. ಪ್ಲೇಟು ಜಾರದಂತೆ ತಡೆಯುವ ಲಾಕ್ ಹಾಕಿರಲಿಲ್ಲ, ಜಿಮ್‌ನಲ್ಲಿ ಲಾಕ್ ಇರಲೇ ಇಲ್ಲ. ಕೊನೆಯ ರೆಪ್ ಚೆನ್ನಾಗಿಯೇ ಎದ್ದ, ಗೆಳೆಯರು ಶಹಬ್ಬಾಸ್ ಅಂದರು. ಮುಂದೆ ನಡೆದು, ಹಿಮ್ಮಡಿ ಎತ್ತಿ, ಕತ್ತು ಎಡಕ್ಕೆ ತಿರುಗಿಸಿ ಕೊಕ್ಕೆ ನೋಡಿದ. ಎಡತುದಿ ಟಣ್ಣೆಂದು ಕೂತ ಸದ್ದಿಗೆ ಎರಡೂ ಕೂತವೆಂದುಕೊಂಡು ಮೈ ಸಡಿಲ ಬಿಟ್ಟ. ಬಲತುದಿ ಕೊಕ್ಕೆಯ ಹೊರಗಿತ್ತು. ರಾಡ್ ಆ ಕಡೆ ವಾಲಿತು, ಪ್ಲೇಟುಗಳು ಜಾರಿ ಉದುರಿದವು. ಆ ಬದಿ ಖಾಲಿಯಾಗುತ್ತಲೇ ಎಡಬದಿಯ ಭಾರಕ್ಕೆ ರಾಡ್ ಎದುರು ದಿಕ್ಕಿಗೆ ಮಗುಚಿ ಕನ್ನಡಿಗೆ ಹೊಡೆಯಿತು. ಹುಡುಗ ತಲೆ ಹೊರಗೆಳೆದುಕೊಂಡಿದ್ದ, ಮಣಿಕಟ್ಟಿನ ಪೆಟ್ಟಿನಲ್ಲಿ ಮುಗಿಯಿತು. "ಗಮನ ಇಲ್ಲ ಇವಕ್ಕೆ, ಮೊಬೈಲ್ ನೋಡ್ಕೊಂಡು ಬರ್ತಾವೆ" ಎಂದರು ಮಾಲೀಕರು. ಆ ಸ್ಟ್ಯಾಂಡಿನ ಕೊಕ್ಕೆ ಮಾಲೀಕರ ಎತ್ತರಕ್ಕೆ ಮಾಡಿಸಿದ್ದು. ಮಾಲೀಕರು ಒಳ್ಳೆಯ ಎತ್ತರದ ಆಳು.

ವಾಪಸ್ ಇಡುವ ಕ್ರಮ ಹೇಳಿಕೊಟ್ಟರೆ ಐದು ನಿಮಿಷದ ಪಾಠ. ರಾಡ್ ಎರಡೂ ಕಂಬಕ್ಕೆ ತಾಗುವವರೆಗೆ ಮುಂದೆ ನಡಿ. ತಾಗಿತೋ, ಆಮೇಲೆ ಮಂಡಿ ಬಗ್ಗಿಸಿ ಕೆಳಗಿಳಿಸು. ಕಂಬದ ಹತ್ತಿರ ನಿಂತು ಕೊಕ್ಕೆಯನ್ನು ಕಣ್ಣಲ್ಲಿ ಹುಡುಕಬಾರದು, ಸೊಂಟ ಬಗ್ಗಿಸಿ ಚಾಚಬಾರದು. ಎರಡು ಸದ್ದು ಕೇಳಿದ ಮೇಲೆ ರಾಡಿನಿಂದ ಹೊರಗೆ ಬಾ. ಇನ್ನೊಂದು ಮಾತು, ಇದನ್ನು ಸ್ಟ್ಯಾಂಡ್ ಕೂರಿಸುವ ದಿನವೇ ನೋಡಿಕೊಳ್ಳಬೇಕು: ತೆಗೆಯುವಾಗ ಹಿಂದಕ್ಕೆ ಎರಡು ಮೂರು ಹೆಜ್ಜೆ, ಇಡುವಾಗ ಮುಂದಕ್ಕೆ. ಕನ್ನಡಿಯ ಆಸೆಗೆ ಸ್ಟ್ಯಾಂಡನ್ನು ತಿರುಗಿಸಿಟ್ಟು, ಸುಸ್ತಾದವನು ಬೆನ್ನು ಹಾಕಿಕೊಂಡು ಹಿಂದೆ ಹಿಂದೆ ನಡೆದು ಕೊಕ್ಕೆ ತಡಕುವಂತೆ ಮಾಡಿದ ಜಿಮ್‌ಗಳಿವೆ.

ಇನ್ನು ಅಗಲ. ಇದು ನಿಮ್ಮ ಜೆ.ಇ. ಸಾಹೇಬರಿಗೆ ತಕ್ಷಣ ಅರ್ಥವಾಗುವ ಲೆಕ್ಕ. ಏಳಡಿ ಚಿಲ್ಲರೆ ಉದ್ದದ ರಾಡಿನಲ್ಲಿ ಪ್ಲೇಟು ಕೂರುವ ಎರಡು ತುದಿಗಳ ನಡುವಿನ ಭಾಗ 131 ಸೆಂ.ಮೀ. ಸ್ಟ್ಯಾಂಡಿನ ಕೊಕ್ಕೆಗಳ ನಡುವೆ ಎರಡೂವರೆ ಅಡಿ ಮಾತ್ರ ಅಂತರವಿದ್ದರೆ ಪ್ಲೇಟುಗಳು ಆಧಾರದಿಂದ ಸುಮಾರು ಒಂದಡಿ ಆಚೆಗೆ ನೇತಾಡುತ್ತವೆ. ಅಂಥ ಸ್ಟ್ಯಾಂಡಿನಲ್ಲಿ ಒಂದು ಬದಿ ಪೂರ್ತಿ ಬಿಚ್ಚಿ ಇನ್ನೊಂದು ಬದಿ 25 ಕೆ.ಜಿ. ಉಳಿಸಿದರೆ ಸಾಕು, ರಾಡ್ ಮಗುಚುತ್ತದೆ, ಖಾಲಿ ತುದಿ ಪಕ್ಕದಲ್ಲಿ ನಿಂತವನ ಗದ್ದಕ್ಕೆ ಬರುತ್ತದೆ. ಕೊಕ್ಕೆಗಳ ಅಂತರ ನಾಲ್ಕಡಿಗೆ ಹತ್ತಿರವಿದ್ದರೆ ಅದೇ ರಾಡ್ 50 ಕೆ.ಜಿ.ಗೂ ಅಲುಗುವುದಿಲ್ಲ. ಅಗಲವಿದ್ದರೂ ಎರಡೂ ಬದಿ ಸರದಿಯಲ್ಲಿ ಹಾಕಿ ಸರದಿಯಲ್ಲಿ ತೆಗೆಯುವುದೇ ಸರಿಯಾದ ಅಭ್ಯಾಸ. ಆದರೆ ಸಂಜೆ ಏಳರ ಗದ್ದಲದಲ್ಲಿ ಎಲ್ಲರಿಂದಲೂ ಅಭ್ಯಾಸವನ್ನು ನಿರೀಕ್ಷಿಸುವುದಕ್ಕಿಂತ ಪೈಪನ್ನು ಅಗಲಕ್ಕೆ ನಿಲ್ಲಿಸುವುದು ಸುಲಭ.

ಎಲ್ಲಕ್ಕಿಂತ ಮುಖ್ಯವಾದದ್ದು ಅಡ್ಡಕಂಬಿ. ಸ್ಟ್ಯಾಂಡಿನ ಎರಡೂ ಬದಿಯಿಂದ ಮುಂದಕ್ಕೆ ಚಾಚಿರುವ, ಎತ್ತರ ಬದಲಿಸಬಹುದಾದ ಎರಡು ಗಟ್ಟಿ ಕಂಬಿಗಳು. ಪೂರ್ತಿ ಕೂತಾಗ ರಾಡ್ ಎಲ್ಲಿರುತ್ತದೋ ಅದಕ್ಕಿಂತ ಒಂದೆರಡು ಅಂಗುಲ ಕೆಳಗೆ ಅವು ಇರಬೇಕು. ಖಾಲಿ ರಾಡ್ ಹೊತ್ತು ಒಮ್ಮೆ ಕೂತು ನೋಡಿದರೆ ಅಳತೆ ಸಿಗುತ್ತದೆ. ಏಳಲಾಗದವನು ಕೂತಲ್ಲೇ ಇನ್ನೊಂದಿಷ್ಟು ತಗ್ಗಿ, ರಾಡನ್ನು ಕಂಬಿಗೆ ಒಪ್ಪಿಸಿ ಹೊರಗೆ ಬರುತ್ತಾನೆ. ಕಂಬಿ ಇದ್ದರೆ ಸೋಲು ಒಂದು ಸದ್ದಿನಲ್ಲಿ ಮುಗಿಯುತ್ತದೆ.

2025ರ ಫೆಬ್ರುವರಿಯಲ್ಲಿ ರಾಜಸ್ಥಾನದ ಬೀಕಾನೇರ್‌ನಲ್ಲಿ ನಡೆದದ್ದನ್ನು ನೀವೂ ಓದಿರುತ್ತೀರಿ. ರಾಷ್ಟ್ರಮಟ್ಟದ ಕಿರಿಯರ ಕೂಟದಲ್ಲಿ ಚಿನ್ನ ಗೆದ್ದಿದ್ದ 17 ವರ್ಷದ ಪವರ್‌ಲಿಫ್ಟರ್ ಹುಡುಗಿ, ಅಭ್ಯಾಸದ ವೇಳೆ 270 ಕೆ.ಜಿ. ರಾಡ್ ಕತ್ತಿನ ಮೇಲೆ ಬಿದ್ದು ತೀರಿಕೊಂಡಳು. ತರಬೇತುದಾರರು ಜೊತೆಗೇ ಇದ್ದರು, ಅವರಿಗೂ ಪೆಟ್ಟಾಯಿತು. ಆಕೆಯೇನು ಹೊಸಬಳಲ್ಲ. ನಮ್ಮಲ್ಲಿ "ಸಪೋರ್ಟ್ ಇದೆಯಲ್ಲ, ಹಿಂದೆ ಅಣ್ಣ ನಿಂತಿದ್ದಾರಲ್ಲ" ಎನ್ನುತ್ತಾರೆ. ಹಿಂದೆ ನಿಂತ ಒಬ್ಬ ಅಣ್ಣನಿಂದ ಸಣ್ಣ ಭಾರಕ್ಕೆ ಆಸರೆಯಾದೀತು. ಭಾರ ಹೆಚ್ಚಾದಂತೆ ಅವನೂ ಅದೇ ಭಾರದ ದಾರಿಯಲ್ಲಿ ನಿಂತ ಇನ್ನೊಬ್ಬ, ಅಷ್ಟೇ. ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ನಿಯಮದಲ್ಲಿ ವೇದಿಕೆಯ ಮೇಲೆ ಸಪೋರ್ಟಿಗೆ ಕನಿಷ್ಠ ಇಬ್ಬರು, ಹೆಚ್ಚೆಂದರೆ ಐವರು ಇರುತ್ತಾರೆ. ಸ್ಟ್ಯಾಂಡಿನ ಎತ್ತರವನ್ನು ಸ್ಪರ್ಧಿ ಮೊದಲೇ ಬರೆಸಿರುತ್ತಾನೆ, ಎದ್ದು ನಿಂತ ಮೇಲೆ ತೀರ್ಪುಗಾರ ಹೇಳಿದಾಗಷ್ಟೇ ರಾಡ್ ವಾಪಸ್ ಇಡುತ್ತಾನೆ. ಪಳಗಿದವರಿಗೇ ಇಷ್ಟು ಬಂದೋಬಸ್ತು.

ಇದನ್ನೆಲ್ಲ ಓದಿ "ಹಾಗಾದರೆ ರಾಡೇ ಬೇಡ, ಮಷೀನು ಸಾಕು" ಎಂದು ಯಾರಾದರೂ ಸದಸ್ಯರು ಹೇಳಿಯಾರು ಎಂಬ ಭಯ ನನಗಿದೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಕುಂದಾಪುರ ಕಡೆಯ ಲಾರಿ ಚಾಲಕರ ಮಗ ಗುರುರಾಜ ಪೂಜಾರಿ ಉಜಿರೆಯ ಕಾಲೇಜಿಗೆ ಸೇರಿ ಭಾರ ಎತ್ತುವುದಕ್ಕೆ ಶುರುಮಾಡಿದವರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ, 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂಚು ತಂದರು. ಮಷೀನಿನಿಂದ ಅಂಥವರು ಹುಟ್ಟುವುದಿಲ್ಲ. ಪದಕದ ಮಾತು ಬಿಡಿ, ಕಾಲಿಗೆ, ನಡುವಿಗೆ ಬಲ ಬರಲು ಇಷ್ಟು ಕಡಿಮೆ ಖರ್ಚಿನ ಸಾಧನ ಇನ್ನೊಂದಿಲ್ಲ.

ಉಳಿದದ್ದು ಚಿಲ್ಲರೆ. ಪ್ರತಿ ರಾಡಿಗೂ ಒಂದು ಜೊತೆ ಲಾಕ್, ಕಳೆದುಹೋಗುತ್ತವೆಂದು ಎರಡು ಜೊತೆ. ರಾಡಿಗೆ ಸುತ್ತುವ ಸ್ಪಂಜು ಬೇಡ, ಅದು ಹೆಗಲ ಮೇಲೆ ಉರುಳುತ್ತದೆ. ರಾಡ್ ಕೂರಬೇಕಾದ್ದು ಕತ್ತಿನ ಮೂಳೆಯ ಮೇಲಲ್ಲ, ಹೆಗಲೆಲುಬು ಹಿಂದಕ್ಕೆಳೆದಾಗ ಉಬ್ಬುವ ಮಾಂಸದ ಮೇಲೆ. ಅಲ್ಲಿ ಕೂತರೆ ಸ್ಪಂಜು ಯಾರಿಗೂ ಬೇಕಾಗುವುದಿಲ್ಲ. ಹೆಂಗಸರ ಬ್ಯಾಚು ಬೆಳಿಗ್ಗೆ ಹತ್ತಕ್ಕೆಂದು ಹೇಳುತ್ತಿದ್ದೀರಿ, ಅವರಿಗೆ 15 ಕೆ.ಜಿ.ಯ ರಾಡೊಂದನ್ನು ಸೇರಿಸಿ.

ಸ್ಟ್ಯಾಂಡನ್ನು ನೆಲಕ್ಕೆ ಆಂಕರ್ ಬೋಲ್ಟ್ ಹಾಕಿ ಬಿಗಿಯಬೇಕು. ಅದಕ್ಕೆ ನೆಲ ಕಾಂಕ್ರೀಟಿನದಾಗಿರಬೇಕು, ಮೇಲೆ ರಬ್ಬರ್ ಮ್ಯಾಟ್ ಇರಲಿ. ನಿನ್ನೆ ಇಣುಕಿ ನೋಡಿದೆ, ಕಟ್ಟಡದೊಳಗೆ ವಿಟ್ರಿಫೈಡ್ ಟೈಲ್ಸ್ ಪೆಟ್ಟಿಗೆಗಳು ಬಂದು ಕೂತಿವೆ. ಸ್ಟ್ಯಾಂಡ್ ಕೂರಿಸುವ ಮೂಲೆಯಲ್ಲಿ ಹತ್ತಡಿ ಉದ್ದ, ಎಂಟಡಿ ಅಗಲದಷ್ಟು ಜಾಗವನ್ನು ಟೈಲ್ಸ್ ಹಾಕದೆ ಬಿಡಲು ಮೇಸ್ತ್ರಿಗೆ ಹೇಳಿಸಿ. ಟೆಂಡರ್ ತಿದ್ದುಪಡಿಗೆ ಒಂದು ವಾರವಾದರೂ ಬೇಕಾದೀತು, ಟೈಲ್ಸ್ ಕೆಲಸ ಸೋಮವಾರವೇ ಶುರುವಂತೆ. ಅಳತೆ ಗುರುತು ಹಾಕಿಕೊಡಲು ನಾನು ಭಾನುವಾರ ಬರಬಲ್ಲೆ. ಬೀಗದ ಕೈ ಯಾರ ಹತ್ತಿರವಿದೆಯೆಂದು ತಿಳಿಸಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಈ ಊರಿನ ತೆರಿಗೆದಾರ, ಒಂದು ಕಾಲದ ವಿಶ್ವವಿದ್ಯಾಲಯ ತಂಡದ ಪವರ್‌ಲಿಫ್ಟರ್