ಬರೆಯುವವನನ್ನು ಓಡಿಸಿದರೆ ವಿಷ ನಿಲ್ಲುತ್ತದೆಯೇ?



ನಮ್ಮ ವಾಳೆಗಳಲ್ಲಿ ಈಗ ಒಂದು ಪತ್ರ ಸಹಿಗಾಗಿ ಮನೆಯಿಂದ ಮನೆಗೆ ಹೋಗುತ್ತಿದೆ. ಸಂಜೆ ಹೊತ್ತು ಬರುವ ಒಂದು ಧಾರಾವಾಹಿಯಲ್ಲಿ ಗಂಡ ಹೆಂಡತಿಗೆ ಹೊಡೆಯುತ್ತಾನೆ. ಮರುದಿನದ ಸಂಚಿಕೆಯಲ್ಲಿ ಪೆಟ್ಟು ತಿಂದವಳೇ ಅವನ ಕಾಲಿಗೆ ಬಿದ್ದು ಕ್ಷಮೆ ಕೇಳುತ್ತಾಳೆ. ಇಂಥ ಕಥೆ ಬರೆಯುವ ಮುಖ್ಯ ಕಥೆಗಾರನನ್ನು ಕೂಡಲೇ ಕೆಲಸದಿಂದ ತೆಗೆಯಬೇಕು ಎಂದು ವಾಹಿನಿಯವರನ್ನು ಒತ್ತಾಯಿಸುವ ಪತ್ರ ಅದು. ಗುರಿಕಾರರು ಸಹಿ ಹಾಕಿದ್ದಾರೆ, ಹಿರಿಯರೂ ಹಾಕಿದ್ದಾರೆ. ನಮ್ಮ ಯುವ ಘಟಕದವರು ಹಾಕಿಲ್ಲ. ಏಕೆ ಹಾಕಿಲ್ಲ ಎಂದು ಬಲಿಪೂಜೆ ಮುಗಿಸಿ ಹೊರಗೆ ಬಂದಾಗಲೆಲ್ಲ ಕೇಳುತ್ತಿದ್ದಾರೆ. ನಮ್ಮ ಉತ್ತರ ಇಲ್ಲಿದೆ.

ಮೊದಲೇ ಹೇಳಿಬಿಡುತ್ತೇವೆ: ಆ ದೃಶ್ಯವನ್ನು ನಾವು ಸಮರ್ಥಿಸುತ್ತಿಲ್ಲ. ಅದು ಕೆಟ್ಟದ್ದೇ. ಹೀಗೆ ಹೇಳುವವರು ನಾವು ಮಾತ್ರವೂ ಅಲ್ಲ. 2020ರ ಕೇರಳ ರಾಜ್ಯ ಟೆಲಿವಿಷನ್ ಪ್ರಶಸ್ತಿಗಳನ್ನು 2021ರಲ್ಲಿ ಪ್ರಕಟಿಸಿದಾಗ, ಅತ್ಯುತ್ತಮ ಧಾರಾವಾಹಿ ಎಂದು ಕರೆಯುವ ಯೋಗ್ಯತೆ ಒಂದಕ್ಕೂ ಇಲ್ಲವೆಂದು ತೀರ್ಪುಗಾರರು ಆ ಪ್ರಶಸ್ತಿಯನ್ನೇ ಕೊಡಲಿಲ್ಲ. ಹೆಂಗಸರನ್ನೂ ಮಕ್ಕಳನ್ನೂ ತೋರಿಸುವ ರೀತಿಯ ಬಗ್ಗೆ ಕಳವಳವನ್ನೂ ಹೇಳಿದ್ದರು. 2024ರ ಕೊನೆಯಲ್ಲಿ ಕೇರಳ ಚಲಚ್ಚಿತ್ರ ಅಕಾಡೆಮಿಯ ಅಧ್ಯಕ್ಷರಾಗಿದ್ದ ನಟ ಪ್ರೇಂಕುಮಾರ್ ಇನ್ನೂ ಮುಂದೆ ಹೋಗಿ, ಕೆಲವು ಧಾರಾವಾಹಿಗಳು ಎಂಡೋಸಲ್ಫಾನಿನಷ್ಟೇ ಅಪಾಯಕಾರಿ ಎಂದರು. ಕಿರುತೆರೆ ಕಲಾವಿದರು ಅದಕ್ಕೆ ಸಿಟ್ಟಾದರು.

ತಿರುವನಂತಪುರದಲ್ಲಿ ಅದು ಒಂದು ಹೋಲಿಕೆ ಇರಬಹುದು. ಕಾಸರಗೋಡಿನವರಾದ ನಮಗೆ ಎಂಡೋಸಲ್ಫಾನ್ ಬರೀ ಹೋಲಿಕೆ ಅಲ್ಲ. ಎಣ್ಮಕಜೆಯ ಪಡ್ರೆಯಲ್ಲಿ ಅದು ಹಾಸಿಗೆ ಬಿಟ್ಟು ಏಳದ ಮಕ್ಕಳ ಹೆಸರು. ಆದರೂ ಆ ಮಾತನ್ನೇ ಹಿಡಿದುಕೊಂಡು ಕೇಳುತ್ತೇವೆ. ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ವಿಷ ಸುರಿಯಿತಲ್ಲ, ಆಗ ಆ ಹೆಲಿಕಾಪ್ಟರ್ ಓಡಿಸುವವನನ್ನು ಬದಲಿಸಿದ್ದರೆ ವಿಷ ನಿಲ್ಲುತ್ತಿತ್ತೇ? ಇನ್ನೊಬ್ಬ ಬಂದು ಅದೇ ಡಬ್ಬಿಯನ್ನು ಅದೇ ತೋಟದ ಮೇಲೆ ಸುರಿಯುತ್ತಿದ್ದ. ಜನ ಹೋರಾಡಿದ್ದು ಸಿಂಪಡಣೆಯನ್ನೇ ನಿಲ್ಲಿಸಲು. ಅದಕ್ಕೇ 2000ದ ಹೊತ್ತಿಗೆ ಹೆಲಿಕಾಪ್ಟರ್ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನೇ ನಿಷೇಧಿಸಿತು.

ಧಾರಾವಾಹಿಯ ಡಬ್ಬಿ ಯಾರ ಕೈಯಲ್ಲಿದೆ? ದಿನಕ್ಕೊಂದು ಸಂಚಿಕೆ, ವಾರಕ್ಕೆ ಐದು ಆರು. ಕಥೆಯ ಎಳೆಯನ್ನು ವಾಹಿನಿಯವರು ಒಪ್ಪಬೇಕು. ಪ್ರತಿ ಗುರುವಾರ ಟಿಆರ್‌ಪಿ ಬರುತ್ತದೆ. ಇಡೀ ದೇಶದಲ್ಲಿ ಮೀಟರ್ ಇಟ್ಟಿರುವ 50,000ಕ್ಕೂ ಸ್ವಲ್ಪ ಹೆಚ್ಚು ಮನೆಗಳ ಲೆಕ್ಕ ಅದು. ಅಂಕಿ ಇಳಿದರೆ ಕಥೆಗೆ ಹೊಸ ತಿರುವು ಬೇಕು ಎಂಬ ಆದೇಶ. ಏರಿದರೆ ಅದೇ ಅಳು ಇನ್ನೂ ಒಂದು ತಿಂಗಳು. ಹೊಡೆದ ದೃಶ್ಯಕ್ಕೆ ಅಂಕಿ ಏರಿದ್ದರೆ, ನಾವು ಸಹಿ ಹಾಕಿ ಓಡಿಸಿದವನ ಜಾಗಕ್ಕೆ ಬರುವವನೂ ಹೊಡೆಯುವ ದೃಶ್ಯವನ್ನೇ ಬರೆಯುತ್ತಾನೆ. ವಾಹಿನಿಯವರಿಗೆ ಇದರಿಂದ ಲಾಭವೇ. ಒಬ್ಬನ ತಲೆ ಕೊಟ್ಟು, ಜನರ ಮಾತಿಗೆ ಬೆಲೆ ಕೊಟ್ಟೆವು ಎಂದು ಹೇಳಿಕೊಳ್ಳಬಹುದು.

'ಹಾಗಾದರೆ ಬರೆಯುವವನಿಗೆ ಆತ್ಮಸಾಕ್ಷಿ ಇಲ್ಲವೇ? ಸಂಬಳ ತೆಗೆದುಕೊಂಡು ಬರೆದದ್ದು ಅವನ ಕೈ ತಾನೇ?' ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದೇಶ ಬೇರೆಯವರದು ಎಂದ ಮಾತ್ರಕ್ಕೆ ಅವನ ಪಾಪ ತೊಳೆದುಹೋಗುವುದಿಲ್ಲ. ಆದರೆ ಆತ್ಮಸಾಕ್ಷಿ ಇರುವ ಕಥೆಗಾರ ಒಳಗೇ ಉಳಿದು ಎಷ್ಟು ಮಾಡಬಲ್ಲ ಎಂಬುದಕ್ಕೆ ಈ ಕಲೆಯ ಚರಿತ್ರೆಯಲ್ಲೇ ಸಾಕ್ಷಿಗಳಿವೆ.

ಅಮೆರಿಕದ 'ಗೈಡಿಂಗ್ ಲೈಟ್' 1937ರಲ್ಲಿ ರೇಡಿಯೋದಲ್ಲಿ ಆರಂಭವಾಗಿ, 1952ರಲ್ಲಿ ಟಿವಿಗೆ ಬಂದು, 2009ರವರೆಗೆ ನಡೆದ ಧಾರಾವಾಹಿ. ಅದನ್ನು ಹುಟ್ಟುಹಾಕಿದ ಇರ್ನಾ ಫಿಲಿಪ್ಸ್ ಕಥೆಯ ನಡುವೆ ಇಟ್ಟದ್ದು ಒಬ್ಬ ಪಾಸ್ಟರನ್ನು. ಕಷ್ಟದಲ್ಲಿರುವವರಿಗೆ ಕಾಣಲೆಂದು ಅವರ ಕಿಟಕಿಯಲ್ಲಿಟ್ಟ ದೀಪವೇ ಆ ಹೆಸರಿನ ಬೆಳಕು. ಅದೇ ಧಾರಾವಾಹಿಯ ಮುಖ್ಯ ಕಥೆಗಾರ್ತಿಯಾಗಿದ್ದ ಆಗ್ನೆಸ್ ನಿಕ್ಸನ್ 1962ರಲ್ಲಿ ಒಂದು ಪಾತ್ರಕ್ಕೆ ಗರ್ಭಕೋಶದ ಕ್ಯಾನ್ಸರ್ ಪರೀಕ್ಷೆ ಮಾಡಿಸುವ ಕಥೆ ತಂದರು. ಹೆಂಗಸರು ಸಮಯಕ್ಕೆ ಸರಿಯಾಗಿ ಪರೀಕ್ಷೆ ಮಾಡಿಸಿಕೊಳ್ಳಲಿ ಎಂಬುದು ಅವರ ಉದ್ದೇಶ. ಸೋಪು ಮಾರುವ ಪ್ರಾಯೋಜಕರಿಗೂ ವಾಹಿನಿಗೂ ಅದು ಬೇಡವಾಗಿತ್ತು. 'ಕ್ಯಾನ್ಸರ್', 'ಗರ್ಭಕೋಶ' ಎಂಬ ಪದಗಳನ್ನೇ ಬಳಸಕೂಡದು ಎಂದರು. ಆಕೆ ಆ ಪದಗಳನ್ನು ಬಿಟ್ಟು ಕಥೆಯನ್ನು ಬಿಡದೆ ಬರೆದರು.

ನಮ್ಮ ದೇಶದ್ದೇ ಬೇಕಾದರೆ ದೂರದರ್ಶನದ 'ಹಮ್ ಲೋಗ್'. 1984ರ ಜುಲೈಯಲ್ಲಿ ಶುರುವಾದಾಗ ಕುಟುಂಬ ಯೋಜನೆಯ ಉಪದೇಶವೇ ಹೆಚ್ಚಾಗಿ, ಮೊದಲ 13 ಸಂಚಿಕೆಗಳು ಜನರಿಗೆ ಹಿಡಿಸಲಿಲ್ಲ. ಕಥೆಗಾರ ಮನೋಹರ ಶ್ಯಾಮ ಜೋಶಿಯವರನ್ನು ಮನೆಗೆ ಕಳಿಸಲಿಲ್ಲ. ಅವರು ಕಥೆಯ ದಾರಿ ತಿದ್ದಿದರು. ಉಪದೇಶ ಕಡಿಮೆಯಾಗಿ ಮನೆಯೊಳಗಿನ ಹೆಂಗಸರ ಪಾಡು ಮುಂದೆ ಬಂತು. ನೋಡುಗರಿಂದ ಬಂದ ಪತ್ರಗಳು ಸುಮಾರು 4 ಲಕ್ಷ. ಕಥೆಗಾರ ಉಳಿದ, ಜನ ಬರೆದರು, ಕಥೆ ಬದಲಾಯಿತು.

ಕಥೆಗಾರನನ್ನು ಎಂದಿಗೂ ತೆಗೆಯಬಾರದು ಎಂಬುದು ನಮ್ಮ ವಾದವಲ್ಲ. ಈ ಕಲೆಯ ತಾಯಿ ಎನಿಸಿದ ಇರ್ನಾ ಫಿಲಿಪ್ಸರನ್ನೇ, ಆಕೆ 1956ರಲ್ಲಿ ಕಟ್ಟಿದ ಇನ್ನೊಂದು ಧಾರಾವಾಹಿಯಿಂದ 1973ರಲ್ಲಿ ತೆಗೆದುಹಾಕಿದರು. ಕುರ್ಚಿ ಯಾರಿಗೂ ಶಾಶ್ವತವಲ್ಲ. ನಮ್ಮ ಪ್ರಶ್ನೆ, ತೆಗೆಯುವ ಮೊದಲು ಏನು ಮಾಡಬೇಕು ಎಂಬುದು.

ಲೂಕನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಯೇಸು ಸ್ವಾಮಿ ಹೇಳಿದ ಅಂಜೂರದ ಮರದ ಸಾಮತಿ ನಮಗೆಲ್ಲ ಗೊತ್ತು. ಮೂರು ವರ್ಷ ಹಣ್ಣು ಕೊಡದ ಮರವನ್ನು ಕಡಿ ಎನ್ನುತ್ತಾನೆ ಯಜಮಾನ. ಇನ್ನೊಂದು ವರ್ಷ ಬಿಡಿ ಎನ್ನುತ್ತಾನೆ ತೋಟಗಾರ. ನಾವು ಹೆಚ್ಚಾಗಿ ಇಷ್ಟಕ್ಕೇ ನಿಲ್ಲಿಸಿ ಕರುಣೆಯ ಬಗ್ಗೆ ಮಾತಾಡುತ್ತೇವೆ. ಆದರೆ ತೋಟಗಾರ ಸುಮ್ಮನೆ ಬಿಡಿ ಎನ್ನಲಿಲ್ಲ. ಬುಡ ಅಗೆಯುತ್ತೇನೆ, ಗೊಬ್ಬರ ಹಾಕುತ್ತೇನೆ, ಆಮೇಲೂ ಫಲ ಬಾರದಿದ್ದರೆ ಕಡಿಯಬಹುದು ಎಂದ. ಕೆಲಸವೂ ಇದೆ, ಗಡುವೂ ಇದೆ. ನಮ್ಮ ಹಿರಿಯರ ಪತ್ರದಲ್ಲಿ ಕೊಡಲಿ ಮಾತ್ರ ಇದೆ, ಗುದ್ದಲಿ ಇಲ್ಲ.

ಆದ್ದರಿಂದ ಪತ್ರವನ್ನು ಹರಿದುಹಾಕುವುದು ಬೇಡ, ತಿದ್ದಿ ಬರೆಯೋಣ. ಹೊಡೆದದ್ದು ತಪ್ಪು ಎಂದು ಅದೇ ಕಥೆಯೊಳಗೆ, ಅದೇ ಪಾತ್ರಗಳ ಬಾಯಲ್ಲಿ ಬರಲಿ ಎಂದು ಕೇಳೋಣ. ಅಂಥ ಸಂಚಿಕೆ ಬರೆಯಲು ಕಥೆಗಾರನಿಗೆ ವಾಹಿನಿ ಅವಕಾಶ ಕೊಡಲಿ, ಆ ದೃಶ್ಯವನ್ನು ಒಪ್ಪಿದ ವಾಹಿನಿಯ ಅಧಿಕಾರಿಯೂ ಉತ್ತರ ಹೇಳಲಿ. 2021ರಲ್ಲಿ ತಿದ್ದಿದ ಕೇಬಲ್ ಟಿವಿ ನಿಯಮಗಳ ಪ್ರಕಾರ ದೂರು ಕೊಟ್ಟರೆ 15 ದಿನಗಳೊಳಗೆ ವಾಹಿನಿ ತನ್ನ ತೀರ್ಮಾನ ತಿಳಿಸಬೇಕು. ಅದು ಸಮಾಧಾನ ತರದಿದ್ದರೆ ಪ್ರಸಾರಕರ ಸಂಘದ ದೂರು ಮಂಡಳಿಗೆ ಹೋಗಬಹುದು. ಸಂಚಿಕೆಯ ದಿನಾಂಕ, ಸಮಯ, ದೃಶ್ಯದ ವಿವರ ಬರೆದಿಡುವ ಕೆಲಸವನ್ನು ನಮ್ಮ ಘಟಕ ಮಾಡುತ್ತದೆ. ಇಷ್ಟಾದ ಮೇಲೂ ಅದೇ ಕೈ ಅದೇ ವಿಷವನ್ನು ಬರೆದರೆ, ತೆಗೆಯಿರಿ ಎನ್ನುವ ಪತ್ರಕ್ಕೆ ಮೊದಲ ಸಹಿ ನಮ್ಮದು.

ಕೊನೆಯದಾಗಿ ಸಹಿ ಹಾಕಿದ ಹಿರಿಯರಿಗೆ ಒಂದು ವಿನಂತಿ. ಸಂಜೆಯ ತೇರ್ಸನ್ನು ಧಾರಾವಾಹಿಯ ಸಮಯ ನೋಡಿ ಹಿಂದೆ ಮುಂದೆ ಮಾಡುವ ಮನೆಗಳು ನಮ್ಮ ವಾಳೆಗಳಲ್ಲಿ ಎಷ್ಟಿವೆ ಎಂದು ನಿಮಗೂ ಗೊತ್ತು, ನಮಗೂ ಗೊತ್ತು. ಸಹಿ ಹಾಕಿದ ಕೈಯೇ ರಾತ್ರಿ ರಿಮೋಟು ಹಿಡಿದು ಅದೇ ವಾಹಿನಿ ಹಾಕಿದರೆ ಕಥೆಗಾರ ಯಾವ ಕೈಯ ಮಾತು ಕೇಳಬೇಕು? ಮುಂದಿನ ಭಾನುವಾರ ಎರಡನೇ ಪೂಜೆಯ ನಂತರ ಸಭಾಂಗಣದಲ್ಲಿ ತಿದ್ದಿದ ಪತ್ರ ಇರುತ್ತದೆ. ಓದಿ, ಒಪ್ಪಿಗೆಯಾದರೆ ಸಹಿ ಹಾಕಿ. ಒಪ್ಪದವರು ಬಂದು ವಾದ ಮಾಡಿ, ನಾವು ಕುರ್ಚಿ ಹಾಕಿಡುತ್ತೇವೆ.